ಸಿಡ್ ವಾಟ್ಕಿನ್ಸ್ ಕೇಳಿ ಪಡೆದ ಅಧಿಕಾರ

ಫಾರ್ಮುಲಾ ಒನ್ ರೇಸಿನ ವೈದ್ಯರಾಗಿದ್ದ ಪ್ರೊಫೆಸರ್ ಸಿಡ್ ವಾಟ್ಕಿನ್ಸ್ ಅವರನ್ನು ನೆನೆಯುವಾಗ ಅಭಿಮಾನಿಗಳು ಅವರ ಆರೈಕೆಯಲ್ಲಿ ಬದುಕುಳಿದ ಚಾಲಕರ ಹೆಸರುಗಳನ್ನು ಹೇಳುತ್ತಾರೆ. 1990ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಕಾರು ಚೂರುಚೂರಾಗಿ, ಸೀಟಿನ ಸಮೇತ ಟ್ರ್ಯಾಕಿನ ಮೇಲೆ ಬಿದ್ದಿದ್ದ ಮಾರ್ಟಿನ್ ಡೊನೆಲಿ ಅವರಲ್ಲೊಬ್ಬರು. 1995ರಲ್ಲಿ ಅಡಿಲೇಡ್‌ನ ಟ್ರ್ಯಾಕಿನ ಪಕ್ಕದಲ್ಲೇ ಗಂಟಲು ಕೊಯ್ದು ಉಸಿರಾಟಕ್ಕೆ ದಾರಿ ಮಾಡಿಸಿಕೊಂಡು, ಮುಂದೆ ಎರಡು ಬಾರಿ ವಿಶ್ವ ಚಾಂಪಿಯನ್ ಆದ ಮಿಕಾ ಹಕ್ಕಿನೆನ್ ಇನ್ನೊಬ್ಬರು. ಹಕ್ಕಿನೆನ್ ವಿಷಯದಲ್ಲಿ ಮೊದಲು ಕೈಹಾಕಿದವರು ಸ್ಥಳೀಯ ಸ್ವಯಂಸೇವಕ ವೈದ್ಯರು ಎಂಬುದನ್ನು ನಾವು ಆಗಾಗ ಮರೆಯುತ್ತೇವೆ. ಆದರೆ ವಾಟ್ಕಿನ್ಸ್ ಅವರ ನಿಜವಾದ ಸಾಧನೆ ನನಗೆ ಕಾಣುವುದು ಅಲ್ಲಿಯೇ. ಅಂಥ ವೈದ್ಯರು ಸರಿಯಾದ ಸಲಕರಣೆಯೊಂದಿಗೆ ಸರಿಯಾದ ಜಾಗದಲ್ಲಿ ಇರಲೇಬೇಕು ಎಂಬ ನಿಯಮವನ್ನು ರೇಸ್ ನಡೆಸುವವರ ಮೇಲೆ ಹೇರಿದವರು ಅವರು.

1928ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ತಂದೆಯ ಗ್ಯಾರೇಜಿನಲ್ಲಿ ದುಡಿಯುತ್ತಲೇ ಬೆಳೆದ ವಾಟ್ಕಿನ್ಸ್, ಮುಂದೆ ಲಂಡನ್ ಹಾಸ್ಪಿಟಲ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ರೇಸುಗಳ ವೈದ್ಯಕೀಯ ಹೊಣೆ ಹೊರುವಂತೆ ಫಾರ್ಮುಲಾ ಒನ್ ತಂಡಗಳ ಸಂಘದ ಮುಖ್ಯಸ್ಥ ಬರ್ನಿ ಎಕಲ್‌ಸ್ಟೋನ್, ವಾಟ್ಕಿನ್ಸ್ ಅವರನ್ನು ಕೇಳಿಕೊಂಡದ್ದು 1978ರಲ್ಲಿ. ಅಲ್ಲಿಯವರೆಗೆ ಚಾಲಕನ ಜೀವ ಆಯಾ ಊರಿನ ವ್ಯವಸ್ಥೆಯ ಮೇಲೆ ನಿಂತಿತ್ತು. ಒಂದು ಕಡೆ ಒಳ್ಳೆಯ ವೈದ್ಯರಿದ್ದರೆ ಮತ್ತೊಂದು ಕಡೆ ಹೆಸರಿಗೊಂದು ಆಂಬುಲೆನ್ಸ್.

ಅದೇ ವರ್ಷದ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ರೇಸ್ ಶುರುವಾದ ಕ್ಷಣಗಳಲ್ಲೇ ಹಲವು ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಸ್ವೀಡನ್ನಿನ ರೋನಿ ಪೀಟರ್ಸನ್ ಅವರ ಲೋಟಸ್ ಕಾರು ಹೊತ್ತಿಕೊಂಡಿತು. ಅವರನ್ನು ಬೆಂಕಿಯಿಂದ ಹೊರಗೆಳೆದವರು ಜೇಮ್ಸ್ ಹಂಟ್ ಮೊದಲಾದ ಸಹಚಾಲಕರು. ಕಾಲಿನ ಮೂಳೆಗಳು ಮುರಿದಿದ್ದರೂ ಪೀಟರ್ಸನ್‌ಗೆ ಪ್ರಜ್ಞೆಯಿತ್ತು. ಜನ ನುಗ್ಗದಿರಲೆಂದು ಪೊಲೀಸರು ಟ್ರ್ಯಾಕಿಗೆ ಅಡ್ಡಲಾಗಿ ಸಾಲುಗಟ್ಟಿ ನಿಂತರು, ಮತ್ತು ಆ ಸಾಲು ತಡೆದವರಲ್ಲಿ ರೇಸಿನ ಅಧಿಕೃತ ವೈದ್ಯ ವಾಟ್ಕಿನ್ಸ್ ಕೂಡ ಒಬ್ಬರಾಗಿದ್ದರು! ಆಂಬುಲೆನ್ಸ್ ಬರಲು ಹದಿನೈದು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಮುರಿದ ಮೂಳೆಗಳಿಂದ ರಕ್ತಕ್ಕೆ ಸೇರಿದ ಕೊಬ್ಬಿನ ಕಣಗಳಿಂದಾಗಿ ಪೀಟರ್ಸನ್ ಮರುದಿನ ಬೆಳಿಗ್ಗೆ ಮಿಲಾನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಾಟ್ಕಿನ್ಸ್ ಇದನ್ನು ದುರದೃಷ್ಟವೆಂದು ಬಿಟ್ಟುಬಿಡಲಿಲ್ಲ. ಪ್ರತಿ ರೇಸಿನಲ್ಲೂ ಅರಿವಳಿಕೆ ತಜ್ಞರು, ಗಾಯಾಳುವನ್ನು ಸಾಗಿಸಲು ಹೆಲಿಕಾಪ್ಟರ್, ವೈದ್ಯರಿಗೇ ಮೀಸಲಾದ ಒಂದು ವೇಗದ ಕಾರು ಇರಬೇಕೆಂದು ಪಟ್ಟುಹಿಡಿದರು. ಎಕಲ್‌ಸ್ಟೋನ್ ಒಪ್ಪಿ ಕೊಡಿಸಿದರು. ಅಪಘಾತಗಳು ದಟ್ಟವಾಗಿರುವುದು ಮೊದಲ ಸುತ್ತಿನಲ್ಲಿ ಆದ್ದರಿಂದ, ಆ ಸುತ್ತಿನುದ್ದಕ್ಕೂ ವೈದ್ಯರ ಕಾರು ರೇಸ್ ಕಾರುಗಳ ಬೆನ್ನಿಗೇ ಓಡುವ ಪದ್ಧತಿ ಬಂತು. ನೆತ್ತರು ಸುರಿಯುವ ಗಾಯಕ್ಕಿಂತ ಮುಚ್ಚಿಹೋದ ಉಸಿರಿನ ದಾರಿ ಬೇಗ ಕೊಲ್ಲಬಲ್ಲದು. ಮಿದುಳಿಗೆ ಆಮ್ಲಜನಕ ತಪ್ಪಿದರೆ ಉಳಿಯುವುದು ಕೆಲವೇ ನಿಮಿಷ. ಈ ವ್ಯವಸ್ಥೆಯೆಲ್ಲ ಆ ಲೆಕ್ಕದ ಮೇಲೆ ಕಟ್ಟಿದ್ದು.

ಅದರ ಬೆಲೆ ಏನೆಂಬುದನ್ನು, ಅದು ಇಲ್ಲದಿದ್ದ ಜಾಗವೊಂದು ತೋರಿಸಿಕೊಟ್ಟಿತು. 1986ರ ಮೇ ತಿಂಗಳಲ್ಲಿ ಫ್ರಾನ್ಸಿನ ಪಾಲ್ ರಿಕಾರ್ಡ್ ಟ್ರ್ಯಾಕಿನಲ್ಲಿ ಇಟಲಿಯ ಚಾಲಕ ಎಲಿಯೊ ಡಿ ಆಂಜೆಲಿಸ್ ಪರೀಕ್ಷಾರ್ಥ ಓಟದಲ್ಲಿದ್ದಾಗ ಹಿಂದಿನ ರೆಕ್ಕೆ ಕಳಚಿ ಕಾರು ಪಲ್ಟಿ ಹೊಡೆದು ಹೊತ್ತಿಕೊಂಡಿತು. ಅದು ರೇಸಲ್ಲ, ಬರಿಯ ಟೆಸ್ಟಿಂಗ್. ಹಾಗಾಗಿ ಬೆಂಕಿ ನಂದಿಸುವವರು ಸಾಲದಾದರು, ಹೆಲಿಕಾಪ್ಟರ್ ಅರ್ಧ ಗಂಟೆ ತಡವಾಯಿತು. ಪೆಟ್ಟು ಮಾರಣಾಂತಿಕವಾಗಿರಲಿಲ್ಲ, ಅವರನ್ನು ಕೊಂದದ್ದು ಹೊಗೆ. ಟೆಸ್ಟಿಂಗಿಗೂ ವೈದ್ಯಕೀಯ ಹೆಲಿಕಾಪ್ಟರ್ ಬೇಕೆಂಬ ನಿಯಮ ಬಂದದ್ದು ಆಮೇಲೆ. ನಿಯಮಗಳೆಲ್ಲ ಹೀಗೆ ಒಂದು ಹೆಣದ ಹಿಂದೆಯೇ ಏಕೆ ಬರಬೇಕೆಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದೇ ವಾರಾಂತ್ಯದಲ್ಲಿ ಇಬ್ಬರು ಚಾಲಕರು ಸತ್ತ 1994ರ ಇಮೋಲಾ ರೇಸ್ ಎಲ್ಲರಿಗೂ ಗೊತ್ತು. ಶನಿವಾರ ರೋಲಾಂಡ್ ರಾಟ್ಜೆನ್‌ಬರ್ಗರ್ ಸತ್ತಾಗ, ತಮ್ಮ ಹೆಗಲಿಗೆ ಒರಗಿ ಅತ್ತ ಏರ್ಟನ್ ಸೆನ್ನಾಗೆ ವಾಟ್ಕಿನ್ಸ್, ಮೂರು ಬಾರಿ ಚಾಂಪಿಯನ್ ಆಗಿದ್ದೀ, ಇನ್ನು ಬಿಟ್ಟುಬಿಡು, ನಾನೂ ಬಿಡುತ್ತೇನೆ, ಮೀನು ಹಿಡಿಯಲು ಹೋಗೋಣ ಎಂದರು. ಸೆನ್ನಾ ಒಪ್ಪಲಿಲ್ಲ, ಮರುದಿನ ರೇಸಿನಲ್ಲಿ ಮಾರಣಾಂತಿಕ ಅಪಘಾತಕ್ಕೀಡಾದ ಆ ಗೆಳೆಯನಿಗೆ ಟ್ರ್ಯಾಕಿನ ಮೇಲೆ ಚಿಕಿತ್ಸೆ ನೀಡುವ ಪಾಲು ವಾಟ್ಕಿನ್ಸ್ ಅವರದ್ದೇ ಆಯಿತು. ಬಳಿಕ ತಜ್ಞರ ಸುರಕ್ಷತಾ ಸಮಿತಿಯ ಅಧ್ಯಕ್ಷರಾಗಿ ಅವರು ವೈದ್ಯರ ವ್ಯಾಪ್ತಿಯನ್ನು ಕಾರಿನ ವಿನ್ಯಾಸಕ್ಕೂ ಟ್ರ್ಯಾಕಿನ ತಿರುವುಗಳಿಗೂ ವಿಸ್ತರಿಸಿದರು. 1996ರಲ್ಲಿ ಚಾಲಕನ ತಲೆಯ ಸುತ್ತ ಎತ್ತರದ ಮೆತ್ತೆ ಬಂತು. ಕುತ್ತಿಗೆ ಕಾಯುವ ‘ಹ್ಯಾನ್ಸ್’ ಸಾಧನ, ಕೆಲವು ಚಾಲಕರೇ ಗೊಣಗಿದರೂ, 2003ರಿಂದ ಕಡ್ಡಾಯವಾಯಿತು.

ಚಾಲಕರು ಸತ್ತರೆ ಟಿವಿ ವ್ಯಾಪಾರ ಕೆಡುತ್ತದೆಂಬ ಲೆಕ್ಕವಿದ್ದುದರಿಂದಲೇ ಎಕಲ್‌ಸ್ಟೋನ್ ಬೆಂಬಲಿಸಿದರು ಎನ್ನುವವರಿದ್ದಾರೆ. ಇದ್ದಿರಬಹುದು. ಆದರೂ ಆ ಲೆಕ್ಕವನ್ನು ರೋಗಿಯ ಪರವಾಗಿ ಬಳಸಿಕೊಳ್ಳುವ ಜಾಣ್ಮೆ ಎಲ್ಲ ವೈದ್ಯರಿಗೂ ಇರುವುದಿಲ್ಲ.

ವಾಟ್ಕಿನ್ಸ್ 2012ರ ಸೆಪ್ಟೆಂಬರ್ 12ರಂದು ತೀರಿಕೊಂಡರು. 2020ರಲ್ಲಿ ಬಹ್ರೇನ್‌ನ ಮೊದಲ ಸುತ್ತಿನಲ್ಲೇ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆ ಸೀಳಿ ಬೆಂಕಿಯುಂಡೆಯಾದಾಗ, ತಲೆಯನ್ನು ಕಾಪಾಡಿದ ‘ಹೇಲೋ’ ಚೌಕಟ್ಟನ್ನು ಲೋಕವೆಲ್ಲ ಹೊಗಳಿತು, ಅದು ನ್ಯಾಯವೇ. ಆದರೆ ಜ್ವಾಲೆಯಿಂದ ಅವರು ಹೊರಗೆ ಬರುವಷ್ಟರಲ್ಲಿ ಡಾ. ಇಯಾನ್ ರಾಬರ್ಟ್ಸ್ ಅಲ್ಲಿ ಕೈ ಚಾಚಿ ನಿಂತಿದ್ದರಲ್ಲ, ಅವರು ಬಂದದ್ದು ಮೊಂಜಾದ ನಂತರ ಮೊದಲ ಸುತ್ತಿಗೆಂದೇ ವಾಟ್ಕಿನ್ಸ್ ಕೇಳಿ ಪಡೆದ ಆ ವೈದ್ಯಕೀಯ ಕಾರಿನಲ್ಲಿ.