ಮಂಟಪ ಮುಳುಗಿತಾ?

ಜುಲೈ ಬಂತೆಂದರೆ ಜರ್ಮನಿಯ ಕಲೋನ್‌ನಲ್ಲಿ ಕೂತು ಅಮ್ಮನಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. "ಇನ್ನೂ ತುದಿ ಕಾಣ್ತಿದೆ ಕಣೋ, ಸುಮ್ನೆ ಗಾಬರಿಯಾಗಬೇಡ" ಅನ್ನುತ್ತಾಳೆ. ತುಂಗೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಶಿವಮೊಗ್ಗದವರ ಲೆಕ್ಕ. ಮೊಬೈಲಿಗೆ ಬರುವ ರೆಡ್ ಅಲರ್ಟ್ ಆಮೇಲಿನ ಮಾತು.

ಅಲರ್ಟ್ ನಂಬದವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ರೆಡ್ ಅಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೆ ಅದನ್ನು ಹೇಳುವುದು ಇಡೀ ಜಿಲ್ಲೆಗೆ. ಆಗುಂಬೆಯೂ ಶಿಕಾರಿಪುರವೂ ಇರುವುದು ಒಂದೇ ಜಿಲ್ಲೆಯಲ್ಲಿ, ಮಳೆ ಒಂದೇನಾ? ಶಾಲೆಗೆ ರಜೆ ಕೊಟ್ಟ ದಿನವೇ ಪೇಟೆಯಲ್ಲಿ ಬಿಸಿಲು. ಎರಡು ಸಲ ಹೀಗಾದರೆ ಮೂರನೇ ಸಲ ಯಾರು ಕಿವಿಗೊಡುತ್ತಾರೆ?

ಆ ಬಿಸಿಲೂ ಮೋಸವೇ. ನಮ್ಮ ಹೊಳೆ ತುಂಬುವುದು ಊರಿನ ಮಳೆಗಲ್ಲ; ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗೆ. ಭದ್ರಾ ಅಣೆಕಟ್ಟಿನಲ್ಲಿ ಸುಮಾರು 71 ಟಿಎಂಸಿ ನೀರು ಹಿಡಿಯುತ್ತದೆ. ತುಂಗೆಗೆ ಕಟ್ಟಿರುವ ಗಾಜನೂರು ಅಣೆಕಟ್ಟಿನಲ್ಲಿ ಬರೀ 3.24. ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಅದಕ್ಕೇ ಹೊಳೆಬದಿಯವರು ಮಳೆ ಎಷ್ಟು ಅಂತ ಕೇಳುವುದಿಲ್ಲ, "ಗಾಜನೂರಿಂದ ಎಷ್ಟು ಬಿಟ್ಟರಂತೆ?" ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಉತ್ತರ ಬರುವುದು ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ. ಅಷ್ಟು ಕ್ಯುಸೆಕ್ ಅಂದರೆ ಹೊಳೆಬದಿಯ ಕುಂಬಾರಗುಂಡಿ ಬಡಾವಣೆಯಲ್ಲಿ ಯಾವ ಮನೆಯ ಮೆಟ್ಟಿಲು, ಎಷ್ಟು ಹೊತ್ತಿಗೆ? 2019ರ ಆಗಸ್ಟಿನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಬೇಕಾಗಿದ್ದದ್ದು ಅದು.

ಇಲ್ಲಿ ರೈನ್ ನದಿಯ ದಡದಲ್ಲಿ ನೀರಿನ ಮಟ್ಟ ತೋರಿಸುವ ಗಡಿಯಾರವೇ ಇದೆ. ಸಣ್ಣ ಮುಳ್ಳು ಮೀಟರ್, ದೊಡ್ಡ ಮುಳ್ಳು ಅದರ ಹತ್ತರ ಭಾಗ. 8.30 ಮೀಟರ್ ಮುಟ್ಟಿದರೆ ಹಡಗು ನಿಲ್ಲುತ್ತದೆ. ಅಂಕಿ ಇಷ್ಟಾದರೆ ಇಂಥ ಕೆಲಸ ಅಂತ ಮೊದಲೇ ಗೊತ್ತಿರುತ್ತದೆ. ಹಾಗಂತ ಇಲ್ಲಿಯವರನ್ನು ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. 2021ರ ಜುಲೈ 14ರಂದು ಕಲೋನ್‌ನಿಂದ ಸ್ವಲ್ಪ ದೂರದ ಆರ್ ಎಂಬ ನದಿಯ ಕಣಿವೆಯಲ್ಲಿ ಪ್ರವಾಹ ಬಂತು. ಯುರೋಪಿನ ಮುನ್ಸೂಚನಾ ವ್ಯವಸ್ಥೆ ದಿನಗಳ ಮೊದಲೇ ಎಚ್ಚರಿಸಿತ್ತು. ಆದರೂ ಆ ಪ್ರವಾಹದಲ್ಲಿ ಜರ್ಮನಿಯಲ್ಲಿ ಸತ್ತವರು 180ಕ್ಕೂ ಹೆಚ್ಚು. ಒಂದು ಪ್ರದೇಶದ ಎಲ್ಲ ಮೊಬೈಲಿಗೂ ಒಟ್ಟಿಗೆ ಎಚ್ಚರಿಕೆ ಕಳಿಸುವ ಏರ್ಪಾಟು ಆಗ ಈ ದೇಶದಲ್ಲಿ ಇರಲೇ ಇಲ್ಲ! ಆಮೇಲೆ ಬಂತು. ಈಗ ವರ್ಷಕ್ಕೊಂದು ದಿನ ಎಲ್ಲ ಫೋನೂ ಒಟ್ಟಿಗೆ ಕಿರುಚಿಸಿ ನೋಡುತ್ತಾರೆ. ಮೊದಲ ಸಲ ನನ್ನ ಕೈಯಿಂದ ಕಾಫಿ ಲೋಟ ಬಿದ್ದಿತ್ತು.

ನಮ್ಮಲ್ಲೂ ಮುನ್ಸೂಚನೆಯನ್ನು ಮಂಟಪದ ಲೆಕ್ಕದಲ್ಲೇ ಹೇಳಲಿ ಅಂತ ನನ್ನ ಆಸೆ. "ಸಂಜೆ ಆರಕ್ಕೆ ಮಂಟಪ ಮುಳುಗುತ್ತದೆ, ಹತ್ತಕ್ಕೆ ಇಂಥ ಬೀದಿಗೆ ನೀರು" ಅನ್ನಲಿ. ತಪ್ಪಿದರೆ ಯಾಕೆ ತಪ್ಪಿತು ಅಂತ ಮಾರನೇ ದಿನ ಹೇಳಲಿ. ಮಂಟಪ ಊರವರ ಕಣ್ಣೆದುರೇ ಇದೆ, ತಾಳೆ ನೋಡಿಕೊಳ್ಳುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಅದೆಲ್ಲ ಸರಿ, ರಾತ್ರಿ ಎರಡು ಗಂಟೆಗೆ ಕರೆಂಟೂ ಹೋದಾಗ ಮಂಟಪ ಯಾರಿಗೆ ಕಾಣುತ್ತೋ? ಆವಾಗ ಫೋನ್ ಮಾಡಿ ಎಬ್ಬಿಸೋದು ಯಾರು, ಅದನ್ನ ಮೊದಲು ಬರಿ" ಅಂದಳು.