ಬರೆದುಕೊಟ್ಟ ದೇಹ: ಕಡೆಯ ಮಾತು ಯಾರದು?

ದೇಹದಾನಕ್ಕೆ ಸಹಿ ಮಾಡಿದವರು ತೀರಿಕೊಂಡ ಮೇಲೆ ಮನೆಯವರು ಬೇಡ ಎಂದರೆ ಆ ಸಹಿ ನಡೆಯಬೇಕೆ, ಬೇಡವೆ?

ಪರ: ಸಹಿ ಮಾಡಿದವರ ಮಾತೇ ನಡೆಯಲಿ

ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಸಂಕ್ರಾಂತಿ ಮುಗಿದ ವಾರ ತಪ್ಪದೆ ನಮ್ಮ ವೈದ್ಯಕೀಯ ಕಾಲೇಜಿನ ಅನಾಟಮಿ, ಅಂದರೆ ದೇಹರಚನೆ ಕಲಿಸುವ ವಿಭಾಗಕ್ಕೆ ಬರುತ್ತಿದ್ದರು. ಕೈಯಲ್ಲಿ ಕುಸುರೆಳ್ಳಿನ ಪೊಟ್ಟಣ, ಬಾಯಲ್ಲಿ ಒಂದೇ ಪ್ರಶ್ನೆ: ‘ಅಕ್ಕಾರ, ನನ್ನ ಫಾರಂ ಐತಲ್ರಿ?’ ನಾನು ಕಪಾಟು ತೆಗೆದು ತೋರಿಸಬೇಕು. ತಮ್ಮ ಫೋಟೊ, ಸಹಿ, ಇಬ್ಬರು ಸಾಕ್ಷಿಗಳ ಸಹಿ ಎಲ್ಲವನ್ನೂ ಮತ್ತೊಮ್ಮೆ ನೋಡಿ ಸಮಾಧಾನದಿಂದ ಮೆಟ್ಟಿಲಿಳಿಯುತ್ತಿದ್ದರು. ಎಂಟು ವರ್ಷ ಹೀಗೇ ಬಂದರು. ಒಂಬತ್ತನೆಯ ಸಂಕ್ರಾಂತಿಗೆ ಬರಲಿಲ್ಲ. ಮನೆಗೆ ಫೋನು ಮಾಡಿದರೆ, ದೀಪಾವಳಿಗೆ ಮೊದಲೇ ತೀರಿಕೊಂಡಿದ್ದರು. ಮಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ನಮ್ಮ ಮಾವಾರು ಬ್ಯಾಡ ಅಂದ್ರು. ಮಂದಿ ಏನಂದಾರು ಅಂದ್ರು. ಸುಟ್ಟಿವ್ರಿ.’

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೆಣ ನಡುಮನೆಯಲ್ಲಿರುವಾಗ ಮಾವನ ಎದುರು ನಿಲ್ಲುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಆದರೆ ಆ ಧೈರ್ಯವನ್ನು ಅವನಿಂದ ಬೇಡುವ ಪದ್ಧತಿ ಸರಿಯಲ್ಲ. ಮನೆಯವರು ಒಪ್ಪಿ ಸಹಿ ಹಾಕದಿದ್ದರೆ ಯಾವ ಕಾಲೇಜೂ ದೇಹವನ್ನು ತೆಗೆದುಕೊಳ್ಳುವುದಿಲ್ಲ. ಅದೇ ಮನುಷ್ಯ ತನ್ನ ಪ್ಲಾಟಿನ ಬಗ್ಗೆ ಮರಣಪತ್ರ ಬರೆದಿಟ್ಟಿದ್ದರೆ, ಇಬ್ಬರು ಸಾಕ್ಷಿಗಳ ಸಹಿ ಅದಕ್ಕಿದ್ದರೆ, ಮಾವನಿರಲಿ, ಇಡೀ ಓಣಿ ಬಂದು ಬೇಡ ಎಂದರೂ ನಡೆಯುತ್ತಿತ್ತು. ಮೂವತ್ತು-ನಲವತ್ತರ ಸೈಟಿಗೆ ಇರುವ ಬೆಲೆ ಅವನ ಸ್ವಂತ ಮೈಗೆ ಇಲ್ಲ.

ಒಂದು ದೇಹದಿಂದ ಏನು ಕಲಿಯುತ್ತಾರೆ ಎಂದು ಕೇಳುವವರಿಗೆ ನಾನೊಂದು ತೋಳಿನ ಕಥೆ ಹೇಳುತ್ತೇನೆ. ತೋಳಿನ ದೊಡ್ಡ ಧಮನಿ ಮೊಣಕೈ ಮಡಿಕೆಯ ಹತ್ತಿರ ಎರಡಾಗುತ್ತದೆ ಎಂದು ಪುಸ್ತಕದಲ್ಲಿದೆ. ಒಂದು ವರ್ಷ ನಾಲ್ಕನೆಯ ಟೇಬಲಿನ ದೇಹದಲ್ಲಿ ಅದು ಕಂಕುಳ ಹತ್ತಿರವೇ ಕವಲೊಡೆದಿತ್ತು. ಒಂದು ಕವಲು ಚರ್ಮದ ಕೆಳಗೇ, ಸೂಜಿ ಚುಚ್ಚುವ ಜಾಗದಲ್ಲೇ ಹಾದುಹೋಗಿತ್ತು. ಅದನ್ನು ರಕ್ತ ವಾಪಸು ಒಯ್ಯುವ ನಾಳವೆಂದು ತಿಳಿದು ಔಷಧಿ ಕೊಟ್ಟರೆ ರೋಗಿಯ ಬೆರಳುಗಳೇ ಸತ್ತುಹೋಗಬಹುದು. ‘ಪುಸ್ತಕ ತಪ್ಪಾ ಮೇಡಂ?’ ಎಂದು ಕೇಳಿದಳು ಒಬ್ಬ ಹುಡುಗಿ. ಪುಸ್ತಕ ತಪ್ಪಲ್ಲ, ಮನುಷ್ಯರು ಒಂದೇ ಅಚ್ಚಿನವರಲ್ಲ. ಪ್ಲಾಸ್ಟಿಕ್ ಮಾದರಿಗಳೆಲ್ಲ ಒಂದೇ ಅಚ್ಚಿನವು. ಅವಳು ಆ ತೋಳನ್ನು ಮರೆತಿರಲಾರಳು.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1957ರಲ್ಲಿ. ಈಗ ಧಾರವಾಡದ ಸತ್ತೂರಿನಲ್ಲಿದೆ, ಗದಗಿನಲ್ಲಿದೆ, ಹಾವೇರಿಯಲ್ಲೂ ಇದೆ. ಹತ್ತು-ಹದಿನೈದು ಮಕ್ಕಳಿಗೆ ಒಂದು ದೇಹವೆಂದು ಲೆಕ್ಕ ಹಿಡಿದರೂ 150 ಸೀಟಿನ ಒಂದು ಕಾಲೇಜಿಗೆ ವರ್ಷಕ್ಕೆ ಹತ್ತಾದರೂ ಬೇಕು. ಬಹುಕಾಲ ಅವು ಎಲ್ಲಿಂದ ಬಂದವು ಎಂಬುದನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ರೇಲ್ವೆ ಸ್ಟೇಶನ್ನಿನ ಮೂಲೆಯಲ್ಲಿ ಸತ್ತು, ವಾರಸುದಾರರು ಯಾರೂ ಬಾರದ ಬಡವರ ದೇಹಗಳು ಅವು. ಅನಾಟಮಿ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳದವರನ್ನು ಟೇಬಲಿನ ಮೇಲೆ ಮಲಗಿಸುತ್ತೇವೆ. ಎಂಟು ವರ್ಷ ಮೆಟ್ಟಿಲು ಹತ್ತಿ ಬಂದು ಕೇಳಿಕೊಂಡವರನ್ನು ಬಿಟ್ಟುಬಿಡುತ್ತೇವೆ. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬದುಕಿನ ಕಡೆಯ ದಿನಗಳ ಬಗ್ಗೆ ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿಕೊಂಡಿತು. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡ ಎಂದು ಎಚ್ಚರವಿರುವಾಗಲೇ ಬರೆಯಬಹುದು. 2023ರ ಜನವರಿಯಲ್ಲಿ ಕೋರ್ಟು ಆ ವಿಧಾನವನ್ನು ಸಡಿಲಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಮ್ಯಾಜಿಸ್ಟ್ರೇಟರ ಬಳಿ ಓಡಾಡಬೇಕಿಲ್ಲ. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಈ ಪತ್ರದಲ್ಲಿ, ನನಗೆ ಪ್ರಜ್ಞೆ ತಪ್ಪಿದಾಗ ನನ್ನ ಪರ ಮಾತಾಡುವವರು ಇವರು ಎಂದು ಹೆಸರು ಬರೆಯಲು ಜಾಗವಿದೆ. ದೇಹದಾನಕ್ಕೂ ಅಂಥದೇ ಒಬ್ಬ ಹೊಣೆಗಾರರನ್ನು ಕಾನೂನು ಒಪ್ಪಲಿ. ಗೆಳೆಯನಿರಬಹುದು, ಸೊಸೆಯಿರಬಹುದು, ಪಕ್ಕದ ಮನೆಯವರಿರಬಹುದು. ಸತ್ತ ಮೇಲೆ ಅವರ ಸಹಿ ನಡೆಯಬೇಕು.

ನಮ್ಮ ಮಂದಿಗೆ ಬರೆದಿಟ್ಟ ಮಾತಿನ ಗೌರವ ಗೊತ್ತಿಲ್ಲವೆಂದಲ್ಲ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಮಣ್ಣು ಮಾಡದೆ ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಲಕ್ಷಾಂತರ ಜನ ಸೇರಿದರು. ಗದ್ದುಗೆ ಆಗಬೇಕೆಂಬ ಆಸೆ ಅಷ್ಟು ಜನರಲ್ಲಿ ಎಷ್ಟು ಮಂದಿಗಿತ್ತೋ. ಆದರೂ ಬರೆದದ್ದೇ ನಡೆಯಿತು. ಫಿಟ್ಟರ್ ಒಬ್ಬರ ಸಹಿಗೂ ಅಷ್ಟೇ ತೂಕ ಬರಲಿ ಎಂಬುದು ನನ್ನ ಕೇಳಿಕೆ.

ವಿರೋಧ: ಮಣ್ಣು ಕೊಡುವವರನ್ನೂ ಕೇಳಬೇಕು

ಅಪ್ಪ ಹೋದದ್ದು ಶ್ರಾವಣದಲ್ಲಿ, ರಾತ್ರಿ ಹತ್ತೂವರೆಗೆ. ಅಣ್ಣಿಗೇರಿಯಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಊರು. ಎರಿಮಣ್ಣಿನ ದಾರಿ, ಜಡಿಮಳೆ. ದೇಹದಾನದ ಕಾರ್ಡು ನಮ್ಮ ಕೈಗೆ ಸಿಕ್ಕದ್ದು ಒಂದು ತಾಸಿನ ಮೇಲೆ, ಹೊಲದ ಕಾಗದಪತ್ರದ ಚೀಲದಲ್ಲಿ. ಕನ್ನಡ ಸಾಲಿ ಮಾಸ್ತರರಾಗಿದ್ದ ಅಪ್ಪ ಆರು ವರ್ಷದ ಹಿಂದೆ ಧಾರವಾಡದ ಒಂದು ಕಾರ್ಯಕ್ರಮದಲ್ಲಿ ಸಹಿ ಮಾಡಿದ್ದರು. ವೇದಿಕೆ, ಹಾರ, ಚಪ್ಪಾಳೆ ಎಲ್ಲ ಆಗಿತ್ತಂತೆ. ಮನೆಗೆ ಬಂದು ಅವ್ವನಿಗೆ ಮಾತ್ರ ಹೇಳಿರಲಿಲ್ಲ.

ನಾನು ಕಾರ್ಡು ಓದಿ ಹೇಳಿದೆ. ಅವ್ವ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಐವತ್ತೆರಡು ವರ್ಷ ಉಣ್ಣಾಕ ನೀಡೀನಿ. ನನ್ನನ್ನ ಒಂದ್ ಮಾತ್ ಕೇಳಬೇಕಾಗಿತ್ತೋ, ಬ್ಯಾಡಾಗಿತ್ತೋ?’ ಇವತ್ತಿಗೂ ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. ಅಪ್ಪನನ್ನು ಹೊಲದಲ್ಲಿ, ಬೇವಿನ ಗಿಡದ ಪಕ್ಕ, ಅವರ ತಂದೆಯ ಬದಿಯಲ್ಲಿ ಕೂಡಿಸಿದೆವು. ಹಣೆ ತುಂಬ ವಿಭೂತಿ, ಕೈಯಲ್ಲಿ ಲಿಂಗ. ಊರೆಲ್ಲ ಮಣ್ಣಿಗೆ ಬಂದಿತ್ತು.

ಅಪ್ಪನ ಸಹಿಯೇ ಕಾನೂನಾಗಿದ್ದರೆ ಆ ರಾತ್ರಿ ಏನಾಗುತ್ತಿತ್ತು ಎಂದು ಬಹಳ ಯೋಚಿಸಿದ್ದೇನೆ. ಅವ್ವನ ಮಡಿಲಿನಿಂದ ಯಾರು ಎತ್ತಬೇಕಿತ್ತು? ನಾನೇ? ಪೊಲೀಸರೇ? ಕಾನೂನೆಂದರೆ ಕಡೆಗೆ ಅದನ್ನು ಜಾರಿ ಮಾಡುವ ಕೈ. ಸಾವಿನ ಮನೆಯೊಳಗೆ ಆ ಕೈ ಬರಬಾರದು.

ವೆಂಟಿಲೇಟರ್ ಬೇಡವೆಂದು ಬರೆದಿಡುವುದನ್ನು ಇದಕ್ಕೆ ಹೋಲಿಸುತ್ತಾರೆ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ನಳಿಗೆ ಇರುವುದು ಬರೆದವನ ಗಂಟಲಿನಲ್ಲಿ, ನೋವು ಅವನದೇ. ಮಗನಾಗಲಿ ಡಾಕ್ಟರಾಗಲಿ ಅವನ ಮಾತನ್ನು ಮೀರಬಾರದು. ಹೊನ್ನಾವರ ಕಡೆಯ ಹಳದೀಪುರದ ನರ್ಸ್ ಅರುಣಾ ಶಾನಭಾಗ, ಹಲ್ಲೆಯಿಂದ ಮಿದುಳಿಗೆ ಪೆಟ್ಟುಬಿದ್ದು, 1973ರಿಂದ 2015ರವರೆಗೆ ಮುಂಬಯಿಯ ಆಸ್ಪತ್ರೆಯಲ್ಲಿ ಹಾಸಿಗೆ ಬಿಟ್ಟೇಳದೆ ಮಲಗಿದ್ದರು. ತನಗೇನು ಬೇಕೆಂದು ಹೇಳಲು ಆಕೆಗೆ ದಾರಿಯೇ ಇರಲಿಲ್ಲ. ಅಂಥವರಿಗಾಗಿ ಮುಂಚಿತವಾದ ಮಾತು ಬೇಕೇ ಬೇಕು. ಸತ್ತ ಮೇಲಿನ ನೋವು ಮಾತ್ರ ಉಳಿದವರದು. ಅಪ್ಪನಿಗೆ ಆ ರಾತ್ರಿ ಯಾವ ಬೇನೆಯೂ ಇರಲಿಲ್ಲ, ಇದ್ದದ್ದೆಲ್ಲ ಅವ್ವನಿಗೆ.

ಮರಣಪತ್ರದ ಹೋಲಿಕೆಯೂ ನನಗೆ ಕೂಡುವುದಿಲ್ಲ. ಹೊಲ ಯಾರಿಗಾದರೂ ಹೋಗಲಿ, ಅದನ್ನು ಅಪ್ಪಿಕೊಂಡು ಯಾರೂ ಅಳುವುದಿಲ್ಲ.

ಇನ್ನು, ಕಾಲೇಜಿನವರು ಎಲ್ಲ ದೇಹಗಳನ್ನೂ ತೆಗೆದುಕೊಳ್ಳುತ್ತಾರೆಂದಲ್ಲ. ಅಪಘಾತವಾಗಿ ಪೋಸ್ಟ್‌ಮಾರ್ಟಂ ಆಗಿದ್ದರೆ ಬೇಡ, ಎಚ್‌ಐವಿ, ಕ್ಷಯ, ಹೆಪಟೈಟಿಸ್ ಇದ್ದರೆ ಬೇಡ. ಡಾಕ್ಟರು ಬರೆದ ಮರಣದ ಸರ್ಟಿಫಿಕೇಟು ಬೇಕು, ಮತ್ತು ಕೆಡುವುದಕ್ಕೆ ಮುಂಚೆ ತಲುಪಬೇಕು. ಮಳೆಯ ನಡುರಾತ್ರಿ ನಮ್ಮಂಥ ಊರಿನಲ್ಲಿ ಆ ಸರ್ಟಿಫಿಕೇಟು ಯಾರು ಕೊಡುತ್ತಾರೆ? ಇದನ್ನೆಲ್ಲ ಸಹಿ ಮಾಡಿಸುವ ದಿನವೇ ಹೆಂಡತಿ-ಮಕ್ಕಳನ್ನು ಕೂಡಿಸಿಕೊಂಡು ಹೇಳಬೇಕು. ಅವರಿಲ್ಲದೆ ಫಾರಂ ತೆಗೆದುಕೊಳ್ಳಲೇಬಾರದು.

ಸಿದ್ಧೇಶ್ವರ ಸ್ವಾಮೀಜಿಯವರ ಪತ್ರ ನಡೆಯಿತು, ನಿಜ. ಅದನ್ನು ನಡೆಸಿದವರು ಅವರನ್ನು ನಂಬಿದ ಶಿಷ್ಯರು, ಕಾನೂನಲ್ಲ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಬರೆದುಕೊಟ್ಟಿದ್ದರು. 2008ರಲ್ಲಿ ಅವರು ತೀರಿಕೊಂಡ ಎರಡು ವರ್ಷದ ಮೇಲೆ, 2010ರಲ್ಲಿ, ಬೆಳಗಾವಿಯಲ್ಲಿ ಅನಾಟಮಿ ಕಲಿಸುತ್ತಿದ್ದ ಮಗ ಡಾ. ಮಹಾಂತೇಶ ಅವರೇ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ಛೇದಿಸಿ ಪಾಠ ಮಾಡಿದರು. ಆ ಸುದ್ದಿ ಓದಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. ಒಪ್ಪಿದ ಮನೆಯಿಂದಲೇ ಇಂಥದು ಬರುತ್ತದೆ.

ಅವ್ವನ ಇನ್ನೊಂದು ಮಾತು ಹೇಳಬೇಕು. ಕಾರ್ಡನ್ನು ಮಡಚಿ ಇಡುವಾಗ ನನ್ನ ತಮ್ಮ ಅಂಜುತ್ತಲೇ ಕೇಳಿದ: ‘ಯವ್ವಾ, ಕಣ್ಣರ ಕೊಡೋಣೇನು?’ ಆರು ತಾಸಿನೊಳಗೆ ತೆಗೆಯಬೇಕಿತ್ತು. ಅವ್ವ ಅಪ್ಪನ ಮುಖವನ್ನೇ ನೋಡುತ್ತ ಕೂತು, ‘ಓದಿ ಓದಿ ಸವೆಸ್ಯಾರ. ಯಾರಿಗಾದ್ರೂ ಬರತಾವಂದ್ರ ಕೊಡ್ರಿ’ ಅಂದಳು. ಹುಬ್ಬಳ್ಳಿಯಿಂದ ಕಣ್ಣಿನ ಬ್ಯಾಂಕಿನವರು ಎರಡೂವರೆಗೆ ಬಂದರು. ಜೀಪು ಡಾಂಬರು ರಸ್ತೆಯಲ್ಲೇ ನಿಂತಿತು, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿಯುತ್ತ ನಡೆದು ಬಂದರು. ಅವರ ಕೆಲಸಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಕಂದೀಲು ಹಿಡಿದು ನಿಂತವಳು ಅವ್ವನೇ. ಬಲವಂತ ಮಾಡಿದ್ದರೆ ಅವಳು ಬಾಗಿಲು ತೆಗೆಯುತ್ತಿರಲಿಲ್ಲ.

ಕಳೆದ ತಿಂಗಳು ನನಗೂ ಒಂದು ಫಾರಂ ತಂದೆ. ಊಟವಾದ ಮೇಲೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಪೂರ್ತಿ ಓದಿ ಹೇಳಿದೆ. ಹೆಂಡತಿ ಒಪ್ಪಿದಳು, ಮಗ ಒಪ್ಪಿದ. ಮಗಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ‘ತಡೀರಿ ಅಪ್ಪಾಜಿ, ನನಗ ಇನ್ನೂ ಟೈಮ್ ಬೇಕು’ ಅಂದಿದ್ದಾಳೆ. ಕಾಯುತ್ತಿದ್ದೇನೆ.