ನೆಲ ಎದ್ದು ನಿಂತ ಕತೆ

ರೂಮಿಗೆ ಮರದ ನೆಲ ಹಾಕಿಸಲು ನಾನು ಆರು ತಿಂಗಳು ಪ್ಲಾನ್ ಮಾಡಿದೆ. ಮದುವೆಗೂ ಇಷ್ಟು ಯೋಚಿಸಿರಲಿಲ್ಲ ಅನ್ನುವುದು ಹೆಂಡತಿಯ ದೂರು. ಯೋಚಿಸಲೇಬೇಕಲ್ವಾ? ನಮ್ಮದು ಒಗೆದ ಬಟ್ಟೆ ಮೂರು ದಿನವಾದರೂ ಒಣಗದ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಹವೆ.

ಮೊದಲು ಕೆಳಗಿನ ಕಾಂಕ್ರೀಟಿನಲ್ಲಿ ಪಸೆ ಇದೆಯಾ ನೋಡಬೇಕು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡುವುದು. ಅಡಿಯಲ್ಲಿ ನೀರಿನ ಹನಿ ಕಟ್ಟಿದರೆ ನೆಲ ಇನ್ನೂ ಹಸಿ. ಮರುದಿನ ಬಂದು ನೋಡಿದರೆ ಹಾಳೆಯೇ ಇಲ್ಲ!

"ಯಾರೋ ನೆಲಕ್ಕೆ ಕವರ್ ಅಂಟಿಸಿದ್ರು ಕಣೋ. ಅಡಿಯೆಲ್ಲ ಒದ್ದೆ. ಒರೆಸಿ ಮಡಚಿಟ್ಟಿದ್ದೀನಿ" ಎಂದರು ಅಮ್ಮ.

ಪರೀಕ್ಷೆ ಕೆಟ್ಟಿತು ಅಂತ ನಾನು ಕೂಗಾಡಿದೆ. 'ಒದ್ದೆ' ಅನ್ನುವ ಮಾತು ತಲೆಗೆ ಹೋಗಿದ್ದು ನಾಲ್ಕು ತಿಂಗಳ ಮೇಲೆ.

ಹಲಗೆಗಳು ಬಂದವು. ಕಟ್ಟು ಬಿಚ್ಚಿ ಅದೇ ರೂಮಿನಲ್ಲಿ ಕೆಲವು ದಿನ ಇಡಬೇಕು, ಅಲ್ಲಿನ ಹವೆಗೆ ಒಗ್ಗಲಿ ಅಂತ. ನಾನೂ ಇಟ್ಟೆ, ಹಗಲೂ ರಾತ್ರಿ ಎ.ಸಿ. ಹಾಕಿ! ಅವು ಚೆನ್ನಾಗಿಯೇ ಒಗ್ಗಿದವು, ಎ.ಸಿ.ಯ ಒಣ ಹವೆಗೆ. ಹಾಸಿದ ಮೇಲೆ ಕರೆಂಟ್ ಬಿಲ್ ನೋಡಿ ಎ.ಸಿ. ಆರಿಸಿಬಿಟ್ಟೆ.

ಹಾಸುವ ದಿನ ಮೇಸ್ತ್ರಿ, "ಸಾರ್, ಗೋಡೆ ಪಕ್ಕ ಸುತ್ತಲೂ 10 ಮಿಲಿಮೀಟರ್ ಸಂದು ಬಿಡ್ತೀನಿ. ಮರ ಪಸೆ ಕುಡಿದ್ರೆ ಅಡ್ಡಕ್ಕೆ ಊದ್ಕೊಳ್ಳುತ್ತೆ. ಮೇಲೆ ಸ್ಕರ್ಟಿಂಗ್ ಬರುತ್ತೆ, ಸಂದು ಕಾಣಲ್ಲ" ಎಂದರು.

"ಜಿರಲೆ ಸೇರುತ್ತೆ. ಒತ್ತಿ ಕೂರಿಸಿ."

ಅವರು ಒಮ್ಮೆ ಸುತ್ತಿಗೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಒತ್ತಿ ಕೂರಿಸಿದರು. ಲೆಕ್ಕ ನಾನು ಹಾಕಲೇ ಇಲ್ಲ. ಒಂದೊಂದು ಹಲಗೆ ಬರೀ ಅರ್ಧ ಮಿಲಿಮೀಟರ್ ಊದಿದರೂ 20 ಹಲಗೆಗೆ 10 ಮಿಲಿಮೀಟರ್. ಗೋಡೆಯಂತೂ ಹಿಂದೆ ಸರಿಯುವುದಿಲ್ಲ.

ಮಳೆ ಹಿಡಿದ ಎರಡನೇ ವಾರ, ನಡುರಾತ್ರಿ 'ಟಪ್' ಅಂತ ಸದ್ದು. ಇಲಿ ಇರಬೇಕು ಅಂತ ಮಗ್ಗುಲಾದೆ. ಬೆಳಗ್ಗೆ ಎದ್ದರೆ ನೆಲವೂ ಎದ್ದಿತ್ತು! ಬಾಗಿಲಿನಿಂದ ಮಂಚದವರೆಗೆ ಒಂಟೆ ಬೆನ್ನಿನ ಹಾಗೆ ಉಬ್ಬಿದೆ. ಒಳಕ್ಕೆ ತೆರೆಯುವ ಬಾಗಿಲು ನಾಲ್ಕು ಬೆರಳು ಜರುಗಿ ಅಲ್ಲೇ ಕಚ್ಚಿಕೊಂಡಿತು. ನಾನು ಒಳಗೆ, ಮನೆಯವರೆಲ್ಲ ಹೊರಗೆ.

ಹೆಂಡತಿ ಮೇಸ್ತ್ರಿಗೆ ಫೋನ್ ಮಾಡುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅಮ್ಮನ ಕೈ ಒಳಗೆ ಬಂತು. ಕೈಯಲ್ಲಿ ನೀಟಾಗಿ ಮಡಚಿದ ಪ್ಲಾಸ್ಟಿಕ್ ಹಾಳೆ.

"ಅವತ್ತು ಇದಕ್ಕೇ ಅಲ್ವೇನೋ ಅಷ್ಟು ಕೂಗಾಡಿದ್ದು? ತಗೋ, ಎತ್ತಿಟ್ಟಿದ್ದೆ."